ಆಡಿನ ಹೊಟ್ಟೆಯ ಹುಳುವಿಗೆ ಸೊಪ್ಪಿನ ಮದ್ದು

“ಆಡು ಮುಟ್ಟದ ಸೊಪ್ಪಿಲ್ಲ” ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಹಲವು ವಿದ್ಯೆಗಳಲ್ಲಿ ಕೈಯಾಡಿಸಿದ ಪಂಡಿತರನ್ನು ಹೊಗಳುವಾಗಲೂ ಅದು ಬಳಕೆಗೆ ಬರುತ್ತದೆ. ಯಾವ ಕೆಲಸದಲ್ಲಿಯೂ ನೆಲೆನಿಲ್ಲದವರನ್ನು ಹಾಸ್ಯಮಾಡುವಾಗಲೂ ಬರುತ್ತದೆ. ಆದರೆ ಗಾದೆಯ ನಾಯಕನಾದ ಆಡು ಹಾಗೆ ಗಿಡದಿಂದ ಗಿಡಕ್ಕೆ ಬಾಯಿಹಾಕುತ್ತ ಹೋಗುವುದರ ಮರ್ಮವೇನೆಂದು ಯೋಚಿಸಿದವರು ಕಡಿಮೆ. ಅದು ಬರಿಯ ಚಾಪಲ್ಯವಲ್ಲ. ನೆಲದ ಹುಲ್ಲನ್ನು ಬಿಟ್ಟು ಎತ್ತರದ ಎಲೆಗೆ ಕತ್ತುಚಾಚುವ ಆ ಸ್ವಭಾವದಲ್ಲಿ ಆಡಿನ ಆರೋಗ್ಯದ ಒಂದು ಗುಟ್ಟು ಅಡಗಿದೆ. ಕಳೆದ ಮೂರು ನಾಲ್ಕು ದಶಕಗಳಿಂದ ವಿಜ್ಞಾನಿಗಳು ಆ ಗುಟ್ಟನ್ನು ಒಂದೊಂದಾಗಿ ಬಿಡಿಸುತ್ತಿದ್ದಾರೆ.

ನಗರದ ಗೃಹಸ್ಥರಿಗೂ ಆಡಿನ ಹೊಟ್ಟೆಗೂ ಏನು ಸಂಬಂಧ ಎಂದು ಕೇಳಬಹುದು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವವರು ಹಾಗೆ ಕೇಳುವ ಮೊದಲು ತಮ್ಮ ಬಡಾವಣೆಯ ಹೆಸರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು. ೧೯೪೮ರಲ್ಲಿ ಜಯನಗರ ತಲೆಯೆತ್ತಿದಾಗ ಅದರ ಸುತ್ತ ಇದ್ದುವು ಹೊಲ, ತೋಪು, ಕೆರೆಗಳು. ಯಡಿಯೂರು, ಸಾರಕ್ಕಿ, ಕತ್ತರಿಗುಪ್ಪೆ, ಕದಿರೇನಹಳ್ಳಿ, ಎಲ್ಲವೂ ಒಂದು ಕಾಲಕ್ಕೆ ಊರುಗಳೇ. ಬಡಾವಣೆಗಳು ಹರಡಿದುವು, ಹೊಲಗಳು ನಿವೇಶನಗಳಾದುವು, ಊರುಗಳು ಗಲ್ಲಿಗಳಾಗಿ ಉಳಿದುವು. ಆದರೂ ಹಳೆಯ ಊರಿನ ಗಲ್ಲಿಗಳಲ್ಲಿ ಇಂದಿಗೂ ಎರಡೋ ನಾಲ್ಕೋ ಆಡುಗಳನ್ನು ಕಟ್ಟಿಕೊಂಡ ಮನೆಗಳುಂಟು. ಬೆಳಗ್ಗೆ ಖಾಲಿ ನಿವೇಶನದಲ್ಲಿ, ಕೆರೆಯ ಅಂಚಿನಲ್ಲಿ, ರೈಲು ಹಳಿಯ ಬದಿಯಲ್ಲಿ ಮೇಯುವ ಆ ಜೀವಗಳು ಸಂಜೆಗೆ ತಮ್ಮಷ್ಟಕ್ಕೆ ತಾವೇ ಮನೆ ಹುಡುಕಿಕೊಂಡು ಬರುತ್ತವೆ.

ಆಡನ್ನು ಬಡವರ ಹಸು ಎನ್ನುವುದುಂಟು. ಬಡವರ ಬ್ಯಾಂಕು ಎಂದರೂ ತಪ್ಪಾಗದು. ೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿ ೧೪ ಕೋಟಿ ೮೮ ಲಕ್ಷ ಆಡುಗಳಿದ್ದುವು. ಕರ್ನಾಟಕದ ಪಾಲು ೬೦ ಲಕ್ಷಕ್ಕೂ ಮೀರಿದ್ದಿತು. ಮಗುವಿನ ಶಾಲೆಯ ಶುಲ್ಕ, ಆಸ್ಪತ್ರೆಯ ಖರ್ಚು, ಹಬ್ಬದ ಬಟ್ಟೆ, ಇವುಗಳಿಗೆ ಒದಗುವುದು ಆ ಮನೆಗಳಲ್ಲಿ ಪಾಸುಪುಸ್ತಕವಲ್ಲ, ಮರಿಯ ಮಾರಾಟ. ಮಳೆಗಾಲದಲ್ಲಿ ಎರಡು ಮರಿಗಳು ಸತ್ತುವೆಂದರೆ ಇಡೀ ವರ್ಷದ ಲೆಕ್ಕಾಚಾರ ಮಗುಚಿಬಿತ್ತೆಂದೇ ಅರ್ಥ. ಹಾಗೆ ಮರಿಗಳನ್ನು ಕೊಲ್ಲುವ ಶತ್ರುಗಳಲ್ಲಿ ಹುಲಿ ತೋಳಗಳಿಗಿಂತ ಭಯಂಕರವಾದದ್ದು ಒಂದು ಅಂಗುಲವೂ ಉದ್ದವಿಲ್ಲದ ಹುಳು.

ರಕ್ತದ ಈಟಿ

ಆಡಿನ ಹೊಟ್ಟೆಯಲ್ಲಿ ಬಗೆಬಗೆಯ ಹುಳುಗಳು ವಾಸಿಸುತ್ತವೆ. ಸಣ್ಣ ಕರುಳಿನಲ್ಲಿ ಕೂದಲಿನಂತಹವು ಕೆಲವು. ದೊಡ್ಡ ಕರುಳಿನಲ್ಲಿ ಗಂಟು ಕಟ್ಟುವಂತಹವು ಕೆಲವು. ಅಕ್ಕಿಕಾಳಿನಂತಹ ತುಣುಕುಗಳಾಗಿ ಹಿಕ್ಕೆಯೊಡನೆ ಬೀಳುವ ಲಾಡಿಹುಳು ಮತ್ತೊಂದು. ಕಣ್ಣಿಗೆ ಕಾಣುವ ಲಾಡಿಹುಳುವನ್ನು ಕಂಡು ಜನ ಹೆದರುವುದೇ ಹೆಚ್ಚು. ಆದರೆ ನಿಜವಾದ ಕೊಲೆಗಾರ ಕಣ್ಣಿಗೆ ಬೀಳುವುದಿಲ್ಲ. ಮೆಲುಕುಹಾಕುವ ಪ್ರಾಣಿಗಳ ನಾಲ್ಕನೆಯ ಹೊಟ್ಟೆಯಲ್ಲಿ ನೆಲಸುವ ಅದರ ಶಾಸ್ತ್ರೀಯ ನಾಮ ಹೆಮಾಂಕಸ್ ಕಂಟಾರ್ಟಸ್. ಮೊದಲ ಪದಕ್ಕೆ ಗ್ರೀಕಿನಲ್ಲಿ ರಕ್ತದ ಈಟಿ ಎಂಬ ಅರ್ಥ ಬರುತ್ತದೆ. ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ತಿರುಚಿಕೊಂಡದ್ದು ಎಂದರ್ಥ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುತ್ತಿಕೊಂಡು, ಕೆಂಪು ಬಿಳಿ ದಾರಗಳನ್ನು ಹೊಸೆದ ಹುರಿಯಂತೆ ಹೆಣ್ಣುಹುಳು ತೋರುವುದರಿಂದ ಈ ಹೆಸರು.

ಒಂದು ಹುಳು ದಿನಕ್ಕೆ ಸುಮಾರು ೦.೦೫ ಮಿಲಿಲೀಟರು ರಕ್ತವನ್ನು ಕಳೆಯುತ್ತದೆ. ಎಷ್ಟು ಅಲ್ಪ! ಆದರೆ ಒಂದು ಸಾವಿರ ಹುಳುಗಳು ಸೇರಿದರೆ ದಿನಕ್ಕೆ ೫೦ ಮಿಲಿಲೀಟರು. ತಿಂಗಳಿಗೆ ಒಂದೂವರೆ ಲೀಟರು. ೨೫ ಕಿಲೋ ತೂಗುವ ಆಡಿನ ಮೈಯಲ್ಲಿರುವ ರಕ್ತವೆಲ್ಲ ಕೂಡಿದರೂ ಅದಕ್ಕಿಂತ ಹೆಚ್ಚೇನೂ ಆಗದು. ಎಂಟು ಕಿಲೋ ತೂಗುವ ಮರಿಯ ಪಾಡನ್ನು ಹೇಳಬೇಕಾದುದೇ ಇಲ್ಲ. ಹೊಸ ರಕ್ತವನ್ನು ಉತ್ಪಾದಿಸುವ ವೇಗಕ್ಕಿಂತ ಹೀರುವ ವೇಗ ಮಿಗಿಲಾದಾಗ ಮರಿ ಸೊರಗುತ್ತದೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ಭೇದಿ ಇರಲೇಬೇಕೆಂದಿಲ್ಲ. ಆದುದರಿಂದಲೇ ಸಾಕಿದವರಿಗೆ ಅನುಮಾನ ಬರುವುದು ತಡವಾಗಿ. ನಿನ್ನೆ ಸಂಜೆ ಕುಣಿಯುತ್ತಿದ್ದ ಮರಿ ಇಂದು ಮುಂಜಾನೆ ಏಳಲಿಲ್ಲ ಎಂಬ ಗೋಳು ಕೇಳಿಬರುವುದು ಹೀಗೆ.

ಹುಳುವಿನ ಸಂತಾನಶಕ್ತಿ ಅದ್ಭುತ. ಹೆಣ್ಣೊಂದು ದಿನಕ್ಕೆ ೫,೦೦೦ದಿಂದ ೧೦,೦೦೦ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ತೇವವೂ ಬೆಚ್ಚನೆಯ ಹವೆಯೂ ದೊರೆತರೆ ಒಂದು ವಾರದೊಳಗೆ ಸೋಂಕು ತಗುಲಿಸಬಲ್ಲ ಮರಿಹುಳುಗಳಾಗುತ್ತವೆ. ಅವು ಇಬ್ಬನಿಯ ಪೊರೆಯಲ್ಲಿ ಈಜುತ್ತ ಹುಲ್ಲಿನ ಬುಡದಿಂದ ಮೇಲೇರುತ್ತವೆ. ಆದರೆ ಬಹಳ ದೂರ ಏರಲಾರವು. ನೆಲದಿಂದ ಎರಡು ಅಂಗುಲದೊಳಗೇ ಅವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಆಡು ಹುಲ್ಲನ್ನು ಬುಡಕ್ಕೆ ಕಚ್ಚಿ ಮೇಯ್ದಾಗ ಒಳಹೊಕ್ಕು, ಮೂರು ವಾರಗಳಲ್ಲಿ ತಾವೇ ಮೊಟ್ಟೆಯಿಡಲು ತೊಡಗುತ್ತವೆ. ತಿಂಗಳ ಮಳೆ ೫೦ ಮಿಲಿಮೀಟರು ಮೀರಿ, ಹಗಲಿನ ಗರಿಷ್ಠ ಉಷ್ಣತೆ ಸರಾಸರಿ ೧೮ ಡಿಗ್ರಿಗಿಂತ ಮೇಲಿದ್ದರೆ ಈ ಹುಳುವಿಗೆ ಸುಭಿಕ್ಷವೆಂದು ಪಶುವೈದ್ಯರ ಹಳೆಯ ಸೂತ್ರ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನ ಹವೆ ಈ ಎರಡು ನಿಬಂಧನೆಗಳನ್ನೂ ತಪ್ಪದೆ ಸಲ್ಲಿಸುತ್ತದೆ. ಮನುಷ್ಯರು ಕೊಂಡಾಡುವ ಈ ಊರಿನ ಹಿತವಾದ ಹವೆ ಹುಳುವಿಗೂ ಹಿತವೇ!

ಬೇಲಿ ಬಂದಿತು, ಪೊದೆ ಹೋಯಿತು

ಆಡು ಹುಟ್ಟಿನಿಂದ ಪೊದೆಗಳ ಪ್ರಾಣಿ, ಹುಲ್ಲುಗಾವಲಿನದಲ್ಲ. ಹಿಂಗಾಲುಗಳ ಮೇಲೆ ನಿಂತು ಜಾಲಿಯ ಕೊಂಬೆಯನ್ನು ಬಾಗಿಸುವುದು ಅದಕ್ಕೆ ಸಹಜ. ಎತ್ತರದ ಎಲೆಯಲ್ಲಿ ಮರಿಹುಳುಗಳಿರುವುದಿಲ್ಲವಾದುದರಿಂದ ಯುಗಯುಗಗಳಿಂದ ಅದಕ್ಕೆ ಹುಳುವಿನ ಕಾಟ ಹೆಚ್ಚಾಗಿರಲಿಲ್ಲ. ಹೀಗಾಗಿ, ಹುಲ್ಲು ಮೇಯುವ ಕುರಿಗೆ ಹುಳುವಿನ ವಿರುದ್ಧ ಮೈಗೂಡಿರುವಷ್ಟು ನಿರೋಧಶಕ್ತಿ ಆಡಿಗೆ ಬರಲೇ ಇಲ್ಲವೆಂದು ಬಲ್ಲವರ ಅಭಿಪ್ರಾಯ.

ನಗರ ಬೆಳೆದಂತೆ ಮೊದಲು ಕಣ್ಮರೆಯಾದುವು ಆ ಪೊದೆಗಳೇ. ಉಳಿದಿರುವ ತುರಹಳ್ಳಿಯಂಥ ಕುರುಚಲು ಕಾಡು ಅರಣ್ಯ ಇಲಾಖೆಯ ರಕ್ಷಣೆಯಲ್ಲಿದೆ. ಆಡಿಗೆ ದಕ್ಕಿದ್ದು ಖಾಲಿ ನಿವೇಶನದ ಗಿಡ್ಡ ಹುಲ್ಲು, ಕೆರೆಯಂಚಿನ ಹಸಿ ಹುಲ್ಲು. ಅದೇ ನಾಲ್ಕು ಗಜ ಜಾಗದಲ್ಲಿ ಇಂದು ಮೇಯ್ದು, ಅಲ್ಲಿಯೇ ಹಿಕ್ಕೆಹಾಕಿ, ಮುಂದಿನ ವಾರ ಮತ್ತೆ ಅಲ್ಲಿಯೇ ಮೇಯುವ ಆಡು ತನ್ನ ಹುಳುವನ್ನು ತಾನೇ ಬಿತ್ತಿ ತಾನೇ ಕೊಯ್ಯುತ್ತದೆ. ಪೊದೆಯ ಪ್ರಾಣಿಯನ್ನು ಹುಲ್ಲಿಗಿಳಿಸಿದುದರ ಫಲವಿದು.

ಮದ್ದಿಗೆ ಬಗ್ಗದ ಹುಳು

ಔಷಧವಿಲ್ಲವೆ? ಉಂಟು; ಒಂದಲ್ಲ, ಹಲವು. ೧೯೬೧ರಲ್ಲಿ ಥಯಾಬೆಂಡಜೋಲ್ ಎಂಬ ಮದ್ದು ಬಂದಾಗ ಹುಳುವಿನ ಕಥೆ ಮುಗಿಯಿತೆಂದೇ ಜನ ನಂಬಿದರು. ಮೂರು ವರ್ಷ ಕಳೆಯುವುದರೊಳಗೆ, ೧೯೬೪ರಲ್ಲಿ, ಅದಕ್ಕೆ ಬಗ್ಗದ ಹುಳುಗಳ ವರದಿ ಅಮೆರಿಕದಿಂದ ಬಂದಿತು. ಅನಂತರ ಬಂದುವು ಲೆವಮಿಸೋಲ್, ಆಲ್ಬೆಂಡಜೋಲ್. ೧೯೮೧ರಲ್ಲಿ ಪಶುವೈದ್ಯಕ್ಕೆ ಐವರ್ಮೆಕ್ಟಿನ್ ದೊರೆಯಿತು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಅದರ ಮೂಲದ್ರವ್ಯವನ್ನು ಪಡೆದ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದರ ಉಳಿದರ್ಧ ಭಾಗ ಸಂದುದು ಗಿಡವೊಂದರಿಂದ ಮಲೇರಿಯಾದ ಮದ್ದು ತೆಗೆದ ಚೀನದ ಟು ಯೂಯೂ ಅವರಿಗೆ. ಆದರೆ ಇಷ್ಟೆಲ್ಲ ಮದ್ದುಗಳಿಗೂ ಜಗತ್ತಿನ ಒಂದಲ್ಲ ಒಂದು ಮೂಲೆಯಲ್ಲಿ ಹುಳು ಮಣಿಯದೆ ನಿಂತಿದೆ. ಭಾರತವೂ ಇದಕ್ಕೆ ಹೊರತಲ್ಲ.

ಇದಕ್ಕೆ ಕಾರಣ ಸ್ಪಷ್ಟ. ಮಂದೆಯ ಎಲ್ಲ ಆಡುಗಳಿಗೂ ಅದೇ ಮದ್ದನ್ನು ಮತ್ತೆ ಮತ್ತೆ ಕುಡಿಸಿದಾಗ ದುರ್ಬಲ ಹುಳುಗಳು ಸಾಯುತ್ತವೆ. ಮದ್ದನ್ನು ತಾಳಿಕೊಂಡ ಕೆಲವು ಉಳಿದು ತಮ್ಮಂತಹವನ್ನೇ ಹೆಚ್ಚಿಸುತ್ತವೆ. ಅದರ ಮೇಲೆ, ಆಡಿನ ದೇಹ ಔಷಧವನ್ನು ಕುರಿಯ ದೇಹಕ್ಕಿಂತ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಕುರಿಗೆಂದು ಗೊತ್ತುಮಾಡಿದ ಪ್ರಮಾಣ ಆಡಿಗೆ ಸಾಲದು. ಸಾಲದ ಮದ್ದು ಹುಳುವನ್ನು ಕೊಲ್ಲುವುದಿಲ್ಲ. ಅದಕ್ಕೆ ಗರಡಿಯ ಸಾಧನೆ ಮಾಡಿಸುತ್ತದೆ.

ಒಗರಿನ ಮಹಿಮೆ

ಇಂತಹ ಇಕ್ಕಟ್ಟಿನಲ್ಲಿ ವಿಜ್ಞಾನಿಗಳ ದೃಷ್ಟಿ ಹರಿದುದು ಸೊಪ್ಪಿನ ಕಡೆಗೆ. ನೇರಳೆಹಣ್ಣು ತಿಂದಾಗ ನಾಲಗೆ ಹಿಡಿದುಕೊಂಡಂತಾಗುವುದು, ಎಳೆಯ ಸೀಬೆಕಾಯಿ ಕಚ್ಚಿದಾಗ ಬಾಯಿ ಒಣಗಿದಂತಾಗುವುದು ಎಲ್ಲರ ಅನುಭವಕ್ಕೂ ಬಂದದ್ದೇ. ಕನ್ನಡದಲ್ಲಿ ಅದನ್ನು ಒಗರು ಎನ್ನುತ್ತಾರೆ. ಚೊಗರು ಎಂದೂ ಹೇಳುವುದುಂಟು. ಆ ರುಚಿಗೆ ಕಾರಣವಾದ ದ್ರವ್ಯವೇ ಟ್ಯಾನಿನ್. ಅದು ಸಸಾರಜನಕಕ್ಕೆ, ಎಂದರೆ ಪ್ರೋಟೀನಿಗೆ, ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದಮಾಡುವುದು ಇದೇ ಗುಣದ ಬಲದಿಂದ.

ಆಡಿನ ಹೊಟ್ಟೆಯೊಳಗೆ ಒಗರು ಎರಡು ಬಗೆಯಲ್ಲಿ ಕೆಲಸಮಾಡುತ್ತದೆ. ಹುಳುವಿನ ಮೈಪೊರೆಯೂ ಪ್ರೋಟೀನಿನಿಂದಲೇ ಆದದ್ದು. ಟ್ಯಾನಿನ್ ಅದಕ್ಕೆ ಅಂಟಿಕೊಂಡು ಹುಳುವನ್ನು ಕುಗ್ಗಿಸುತ್ತದೆ. ಹುಲ್ಲಿನಿಂದ ಒಳಬಂದ ಮರಿಹುಳು ತನ್ನ ಮೇಲಿನ ಹಳೆಯ ಪೊರೆಯನ್ನು ಕಳಚದ ಹೊರತು ಆಡಿನ ಹೊಟ್ಟೆಯಲ್ಲಿ ನೆಲಸಲಾರದು; ಆ ಕಳಚುವಿಕೆಗೂ ಟ್ಯಾನಿನ್ ಅಡ್ಡಿಯಾಗುತ್ತದೆ. ಹೆಣ್ಣುಹುಳುವಿನ ಮೊಟ್ಟೆಗಳೂ ಕಡಿಮೆಯಾಗುತ್ತವೆ. ಎರಡನೆಯ ಬಗೆ ಪರೋಕ್ಷವಾದದ್ದು. ಮೇವಿನ ಪ್ರೋಟೀನಿನ ಒಂದು ಭಾಗ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳ ಪಾಲಾಗದಂತೆ ಟ್ಯಾನಿನ್ ಕಾಪಾಡಿ ಕರುಳಿಗೆ ತಲಪಿಸುತ್ತದೆ. ಹಾಗೆ ಪುಷ್ಟಿಗೊಂಡ ಆಡು ಕಳೆದ ರಕ್ತವನ್ನು ಬೇಗ ತುಂಬಿಕೊಂಡು ಹುಳುವನ್ನು ಎದುರಿಸುತ್ತದೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸೆರೀಸಿಯ ಲೆಸ್ಪೆಡೀಜ ಎಂಬ ಗಿಡವುಂಟು. ಪೂರ್ವ ಏಷ್ಯದಿಂದ ಬಂದು, ಸವೆದ ನೆಲವನ್ನು ಹಿಡಿದಿಡಲು ನೆಡಲ್ಪಟ್ಟು, ಕಡೆಗೆ ಕಳೆಯೆಂದು ಬೈಸಿಕೊಂಡ ದ್ವಿದಳ ಸಸ್ಯ ಅದು. ಜಾರ್ಜಿಯದ ಫೋರ್ಟ್ ವ್ಯಾಲಿ ವಿಶ್ವವಿದ್ಯಾನಿಲಯದವರು ಅದನ್ನು ಆಡುಗಳಿಗೆ ಮೇಯಿಸಿಯೂ ಒಣಗಿಸಿ ತಿನ್ನಿಸಿಯೂ ನೋಡಿದಾಗ ಹಿಕ್ಕೆಯಲ್ಲಿನ ಹುಳುಮೊಟ್ಟೆಗಳು ಗಮನಾರ್ಹವಾಗಿ ಇಳಿದುವು. ಯೂಟಾ ರಾಜ್ಯದಲ್ಲಿ ನಡೆದ ಪ್ರಯೋಗಗಳು ಇನ್ನೂ ಸ್ವಾರಸ್ಯಕರ. ಹುಳುವಿದ್ದ ಕುರಿಮರಿಗಳು ಟ್ಯಾನಿನ್ ಬೆರೆತ ಮೇವನ್ನು ಹುಳುವಿಲ್ಲದವುಗಳಿಗಿಂತ ಹೆಚ್ಚಾಗಿ ಆರಿಸಿಕೊಂಡುವು. ಹುಳುವಿನ ಹೊರೆ ಇಳಿದ ಮೇಲೆ ಆ ವ್ಯತ್ಯಾಸವೂ ಇಳಿಯಿತು. ಕಾಯಿಲೆಯ ಪ್ರಾಣಿ ತನ್ನ ಪಥ್ಯವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬ ಕುರುಬರ ಹಳೆಯ ನಂಬಿಕೆಯಲ್ಲಿ ತಕ್ಕಮಟ್ಟಿಗೆ ಸತ್ಯವಿದೆಯೆಂದಾಯಿತು.

ನಮ್ಮ ದೇಶದ ಗಿಡಗಳು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬರೇಲಿಯ ಬಳಿಯ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯಲ್ಲಿ ಬಸರಿ ಮತ್ತು ಸೀಬೆ ಎಲೆಗಳ ಪುಡಿಯನ್ನು ಬೆರಸಿದ ಮೇವನ್ನು ಹೆಮಾಂಕಸ್ ತಗುಲಿದ ಕುರಿಗಳಿಗೆ ಕೊಟ್ಟು ಪರೀಕ್ಷಿಸಲಾಯಿತು; ಹುಳುಮೊಟ್ಟೆಗಳು ತಗ್ಗಿದುವು. ಬಿ.ಟಿ.ಎಂ. ಬಡಾವಣೆಗೆ ಅನತಿದೂರದ ಆಡುಗೋಡಿಯಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯೂ ಮರದೆಲೆಗಳ ಟ್ಯಾನಿನ್ನನ್ನು ವರ್ಷಗಟ್ಟಲೆ ಅಭ್ಯಾಸಮಾಡಿದೆ. ಅಲ್ಲಿನವರ ಮುಖ್ಯ ಗುರಿ ಬೇರೆ: ಮೆಲುಕುಹಾಕುವ ಪ್ರಾಣಿಗಳು ತೇಗಿ ಹೊರಬಿಡುವ ಮೀಥೇನ್ ಅನಿಲವನ್ನು ತಗ್ಗಿಸುವುದು. ‘ಹರಿತ್ ಧಾರಾ’ ಎಂಬ ಅವರ ಪೂರಕ ಆಹಾರದಲ್ಲಿ ಇರುವುದೂ ಸಸ್ಯಗಳ ಟ್ಯಾನಿನ್ನೇ. ಹುಳುವಿಗೆ ಬೇಕಾದ ಒಗರು ಹವೆಗೂ ಉಪಕಾರಿಯಾಗುವುದು ವಿಶೇಷವಲ್ಲವೆ?

ಅತಿಯಾದರೆ ಅಮೃತವೂ ವಿಷ

ಹಾಗೆಂದು ಒಗರೆಲ್ಲ ಒಳಿತೆಂದು ತಿಳಿಯಬಾರದು. ಮೇವಿನ ಒಣ ತೂಕದಲ್ಲಿ ಟ್ಯಾನಿನ್ ನೂರಕ್ಕೆ ೨ರಿಂದ ೪ರಷ್ಟಿದ್ದರೆ ಲಾಭ. ಐದಾರನ್ನು ಮೀರಿದರೆ ಪ್ರಾಣಿಯ ಹಸಿವೂ ಜೀರ್ಣಶಕ್ತಿಯೂ ಕುಗ್ಗುತ್ತವೆ. ಆಡು ದನಕ್ಕಿಂತ ಒಗರನ್ನು ಹೆಚ್ಚು ತಾಳಿಕೊಳ್ಳಬಲ್ಲುದು, ಆದರೆ ಜಾಲಿಸೊಪ್ಪೊಂದನ್ನೇ ಹೊಟ್ಟೆತುಂಬ ತಿನ್ನಿಸುವುದು ತರವಲ್ಲ. ಹಲಸು, ಸೀಬೆ, ನೇರಳೆ, ಬಸರಿ, ಜಾಲಿ, ಈ ಒಗರು ಸೊಪ್ಪುಗಳೊಡನೆ ನುಗ್ಗೆ, ಅಗಸೆಗಳಂಥ ಪುಷ್ಟಿಯ ಸೊಪ್ಪನ್ನೂ ಕಲಸಿ ಕೊಡುವುದು ಕ್ರಮ. ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಅದು ಮೇವಿನ ಸ್ವಲ್ಪ ಭಾಗವಷ್ಟೇ ಆಗಿರಬೇಕು.

ಸೊಪ್ಪನ್ನು ನೆಲಕ್ಕೆ ಎಸೆಯದೆ ಕಟ್ಟುಕಟ್ಟಿ ತೂಗುಹಾಕುವುದು ನಮ್ಮ ಹಳ್ಳಿಗಳ ಹಿಂದಿನ ರೂಢಿ. ಅದರಲ್ಲಿ ದೊಡ್ಡ ವಿವೇಕವಿದೆ: ತೂಗಿದ ಸೊಪ್ಪಿಗೆ ಹಿಕ್ಕೆ ತಾಗದು, ಮರಿಹುಳು ಏರದು. ಇಬ್ಬನಿ ಆರುವ ತನಕ ಆಡನ್ನು ಹುಲ್ಲಿಗೆ ಬಿಡದಿರುವುದು, ನಾಲ್ಕು ಅಂಗುಲಕ್ಕಿಂತ ಗಿಡ್ಡವಾದ ಹುಲ್ಲಿನಲ್ಲಿ ಮೇಯಿಸದಿರುವುದು, ಕೊಟ್ಟಿಗೆಯ ಹಿಕ್ಕೆಯನ್ನು ದಿನವೂ ಗುಡಿಸುವುದು, ಇವಿಷ್ಟೂ ದುಡ್ಡಿಲ್ಲದ ಚಿಕಿತ್ಸೆಗಳೇ.

ಸೊಪ್ಪು ಹುಳುವನ್ನು ಅಂಕೆಯಲ್ಲಿಡುತ್ತದೆ, ನಿರ್ಮೂಲ ಮಾಡುವುದಿಲ್ಲ. ತಿನ್ನಿಸುವುದನ್ನು ನಿಲ್ಲಿಸಿದರೆ ಮೊಟ್ಟೆಗಳು ಮತ್ತೆ ಏರಬಹುದು. ಕೆರೆಯಂಚಿನ ಬಸವನಹುಳುಗಳ ಮೂಲಕ ಬರುವ ಯಕೃತ್ತಿನ ಚಪ್ಪಟೆಹುಳುವಿಗೆ ಸೊಪ್ಪನ್ನು ನಂಬಿ ಕೂರುವಂತಿಲ್ಲ. ರೆಪ್ಪೆ ಬಿಳಿಚಿ ಗದ್ದ ಊದಿದ ಆಡಿಗಂತೂ ಸೊಪ್ಪು ಕಟ್ಟುತ್ತ ಕಾಲಹರಣ ಮಾಡುವುದು ಅದರ ಪ್ರಾಣಕ್ಕೆ ಎರವು. ಕೂಡಲೆ ಸರಕಾರಿ ಪಶುಚಿಕಿತ್ಸಾಲಯಕ್ಕೆ ಒಯ್ದು, ಹಿಕ್ಕೆಯನ್ನು ಪರೀಕ್ಷಿಸಿ, ಸರಿಯಾದ ಪ್ರಮಾಣದಲ್ಲಿ ಮದ್ದು ಕೊಡಿಸತಕ್ಕದ್ದು. ದಕ್ಷಿಣ ಆಫ್ರಿಕದ ಪಶುವೈದ್ಯರು ಇದಕ್ಕೊಂದು ಸುಲಭ ಉಪಾಯ ಕಂಡುಹಿಡಿದರು. ಫಮಾಚ ಎಂಬ ಹೆಸರಿನ ಅವರ ಪಟದಲ್ಲಿ ಕಡುಗೆಂಪಿನಿಂದ ಬಿಳುಪಿನವರೆಗೆ ಐದು ಬಣ್ಣಗಳುಂಟು. ಆಡಿನ ಕೆಳರೆಪ್ಪೆಯನ್ನು ಬಿಡಿಸಿ ಪಟದೊಡನೆ ಹೋಲಿಸಿ, ಬಿಳಿಚಿದವುಗಳಿಗೆ ಮಾತ್ರ ಮದ್ದು. ಮಂದೆಯ ಹುಳುಗಳಲ್ಲಿ ಬಹುಪಾಲು ಕೆಲವೇ ಆಡುಗಳ ಹೊಟ್ಟೆಯಲ್ಲಿರುವುದರಿಂದ ಈ ಉಪಾಯ ಫಲಿಸುತ್ತದೆ. ಉಳಿದವುಗಳಿಗೆ ಸೊಪ್ಪಿನ ಪಥ್ಯ ಸಾಕು. ಮದ್ದನ್ನು ಕಾಣದ ಹುಳುಗಳು ಅಷ್ಟಿಷ್ಟು ಉಳಿಯುವುದರಿಂದ ಮದ್ದಿನ ಶಕ್ತಿಯೂ ಬಹುಕಾಲ ಬಾಳುತ್ತದೆ.

ತೋಟದ ಕಡಿತಲೆ ಯಾರ ಪಾಲು?

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮನೆಗಳಲ್ಲಿ ಸೀಬೆಯೋ ಹಲಸೋ ನುಗ್ಗೆಯೋ ಇಲ್ಲದ ಹಿತ್ತಲು ಅಪರೂಪ. ಮಳೆಗಾಲಕ್ಕೆ ಮುಂಚೆ ರೆಂಬೆ ಕಡಿಸಿದಾಗ ಆ ಸೊಪ್ಪು ಬೀದಿಯ ಮೂಲೆಗೆ ಬಿದ್ದು ಕಸದ ಗಾಡಿಯ ದಾರಿ ಕಾಯುತ್ತದೆ. ಅರ್ಧ ಮೈಲಿ ಆಚೆಯ ಗಲ್ಲಿಯಲ್ಲಿ ಅದೇ ಸೊಪ್ಪಿಗಾಗಿ ಹೆಂಗಸೊಬ್ಬಳು ಬೆಳಗಿನಿಂದ ಅಲೆಯುತ್ತಿರುತ್ತಾಳೆ. ಒಂದು ಮಾತು ಹೇಳಿ ಕಳುಹಿಸಿದರೆ ಕಡಿತಲೆ ಕಸವಾಗದೆ ಮೇವಾದೀತು. ಮೇವಷ್ಟೇ ಅಲ್ಲ, ಮದ್ದೂ ಆದೀತು.

ಆದರೆ ಕೊಡುವವರಿಗೆ ಒಂದು ಎಚ್ಚರಿಕೆ ಅಗತ್ಯ. ಕಣಗಿಲೆಯ ಸೊಪ್ಪು, ಅದು ಕೆಂಪು ಹೂವಿನದಿರಲಿ ಹಳದಿ ಹೂವಿನದಿರಲಿ, ಘೋರ ವಿಷ. ಕೆಲವೇ ಎಲೆಗಳು ಆಡನ್ನು ಕೊಲ್ಲಬಲ್ಲುವು. ಲಂಟಾನದ ಸೊಪ್ಪು ಯಕೃತ್ತನ್ನು ಕೆಡಿಸುತ್ತದೆ. ಬೆಂಗಳೂರಿನ ಹಿತ್ತಲುಗಳಲ್ಲಿ ಅಚ್ಚುಮೆಚ್ಚಾಗಿರುವ ಬೆಣ್ಣೆಹಣ್ಣಿನ ಮರದ ಎಲೆಯೂ ಆಡಿನ ಹೃದಯಕ್ಕೆ ಅಪಾಯಕಾರಿ. ಇವುಗಳನ್ನು ಸೀಬೆ, ಹಲಸುಗಳ ಕಟ್ಟಿನಲ್ಲಿ ಬೆರಸಲೇಬಾರದು. ಹಸಿದ ಆಡು, ಅದರಲ್ಲಿಯೂ ಕಟ್ಟಿಹಾಕಿದ ಆಡು, ಮುಂದಿಟ್ಟುದನ್ನು ತಿಂದುಬಿಡುತ್ತದೆ. ಆರಿಸಿಕೊಳ್ಳುವ ಅದರ ಜಾಣ್ಮೆಗೆ ಅಲ್ಲಿ ಅವಕಾಶವಿಲ್ಲ.

ಅಂದಮೇಲೆ ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಪೂರ್ತಿ ನಿಜವಲ್ಲ. ಬೇಲಿಗೆ ನೆಡುವ ಆಡುಸೋಗೆಯನ್ನು ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತಮಿಳರು ಆ ಗಿಡವನ್ನು ಆಡು ತೊಡದ್ದು, ಎಂದರೆ ಆಡು ಮುಟ್ಟದ್ದು, ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಅದರ ಶಾಸ್ತ್ರೀಯ ನಾಮದಲ್ಲಿಯೂ ಆ ಮಾತೇ ಸೇರಿದೆ. ಪೊದೆಗಳ ನಡುವೆ ಸ್ವತಂತ್ರವಾಗಿ ಅಲೆಯುವ ಆಡು ಮುಟ್ಟಿ ನೋಡುತ್ತದೆ, ಮೂಸಿ ನೋಡುತ್ತದೆ, ಬೇಡವಾದುದನ್ನು ಬಿಡುತ್ತದೆ. ನಗರ ಅದರ ಪೊದೆಗಳನ್ನು ಕಸಿದುಕೊಂಡ ಮೇಲೆ ಆ ಆಯ್ಕೆಯ ಭಾರ ಸಾಕುವವರ ಮೇಲೂ, ಸೊಪ್ಪು ಕೊಡಬಲ್ಲ ನೆರೆಯವರ ಮೇಲೂ ಬಿದ್ದಿದೆ. ಮುಂದಿನ ಮುಂಗಾರಿನಲ್ಲಿ ಗಲ್ಲಿಯ ಮನೆಯ ಎರಡು ಮರಿಗಳು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ಭಾರವನ್ನು ಹೊತ್ತವರ ವಿವೇಕವನ್ನು ಅವಲಂಬಿಸಿದೆ.